ಗಿಡ ಹುಲುಸಾಗಿದೆ, ಹೂವೇಕಿಲ್ಲ?
ಅಂಗಳದ ಮಲ್ಲಿಗೆಯಲ್ಲಿ ಹೆಚ್ಚು ಹೂ ಪಡೆಯುವ ಕ್ರಮ

"ಗಿಡವೇನೋ ಎದೆಯೆತ್ತರ ಬೆಳೆದಿದೆ, ಎಲೆ ಕಡುಹಸಿರಾಗಿದೆ, ಹೂ ಮಾತ್ರ ದೇವರ ಪಟಕ್ಕೂ ಸಾಲದು." ಮನೆಯಂಗಳದಲ್ಲಿ ನಾಲ್ಕಾರು ಮಲ್ಲಿಗೆ ಗಿಡ ಇಟ್ಟುಕೊಂಡ ನಮ್ಮ ಅನೇಕ ಬೆಳೆಗಾರರ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಊರಿನಿಂದ ಗೆಲ್ಲು ಒಯ್ದು ಬೆಂಗಳೂರಿನ ತಾರಸಿಯ ಕುಂಡದಲ್ಲಿ ನೆಟ್ಟ ಮಕ್ಕಳ ದೂರೂ ಇದೇ. ಈ ಲೇಖನ ಬರೆಯುತ್ತಿರುವುದು ಅಂಥ ಮನೆಗಳು ಬೇಕಾದಷ್ಟಿರುವ ಉಲ್ಲಾಳದಿಂದ. ಮಂಗಳೂರಿನ ಉಳ್ಳಾಲವಲ್ಲ, ಬೆಂಗಳೂರಿನ ಪಶ್ಚಿಮ ಅಂಚಿನಲ್ಲಿ ಜ್ಞಾನಭಾರತಿಗೆ ತಾಗಿದ ಉಲ್ಲಾಳ.

ಹೂ ಕಡಿಮೆಯೆಂದು ಕಂಡಕೂಡಲೇ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಒಂದು, ಇನ್ನೊಂದು ಹಿಡಿ ಗೊಬ್ಬರ ಹಾಕುತ್ತಾರೆ. ಎರಡು, ಅಂಗಡಿಗೆ ಹೋಗಿ 'ಹೂ ಬರಿಸುವ ಟಾನಿಕ್ಕು' ತರುತ್ತಾರೆ. ಎರಡರಿಂದಲೂ ಬಹುತೇಕ ಲಾಭವಿಲ್ಲ. ಮೊದಲನೆಯದರಿಂದ ಹಾನಿಯೂ ಆಗುತ್ತದೆ. ಕಾಫಿ, ಅಡಿಕೆ ಬೆಳೆದವರಿಗೆ ಹೂವಿನ ಗುಟ್ಟು ಹೊಸದಲ್ಲ. ಎಕರೆಗಟ್ಟಲೆ ತೋಟದಲ್ಲಿ ವರ್ಷವರ್ಷವೂ ನಾವು ಪಾಲಿಸುವ ನಿಯಮಗಳನ್ನೇ ಅಂಗಳದ ಗಿಡಕ್ಕೆ ಅನ್ವಯಿಸಿದರೆ ಸಾಕು. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾಫಿ ಕಲಿಸುವ ಪಾಠ

ಕಾಫಿ ಗಿಡ ಹೂ ಬಿಡುವ ಬಗೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮಳೆಗಾಲ ಕಳೆದು ಹಗಲು ಕಿರಿದಾಗುವ ದಿನಗಳಲ್ಲಿ ಎಲೆಯ ಕಂಕುಳಲ್ಲಿ ಮೊಗ್ಗು ಮೂಡುತ್ತದೆ. ಸ್ವಲ್ಪ ದೂರ ಬೆಳೆದು ಅಲ್ಲಿಗೇ ನಿಂತುಬಿಡುತ್ತದೆ. ಮುಂದೆ ಬೇಸಿಗೆಯ ಒಣಹವೆ ಬೇಕು. ಆ ಒಣಗಾಲದಲ್ಲಿ ಮೊಗ್ಗು ಸತ್ತಿರುವುದಿಲ್ಲ, ಕಾದಿರುತ್ತದೆ. ಫೆಬ್ರವರಿ-ಏಪ್ರಿಲ್ ನಡುವೆ ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಹೂಮಳೆ ಬಿದ್ದರೆ ಎಂಟು-ಹತ್ತು ದಿನಗಳಲ್ಲಿ ತೋಟವೆಲ್ಲ ಒಮ್ಮೆಲೇ ಬೆಳ್ಳಗಾಗುತ್ತದೆ. ಮಳೆ ಬಾರದಿದ್ದರೆ ರೊಬಸ್ಟಾ ಬೆಳೆಗಾರರು ಸ್ಪ್ರಿಂಕ್ಲರ್ ಹಾಕಿ ಅದೇ ಕೆಲಸ ಮಾಡಿಸುತ್ತಾರೆ. ಎರಡು-ಮೂರು ವಾರ ಬಿಟ್ಟು ಬ್ಯಾಕಿಂಗ್ ಮಳೆಯೂ ಆದರೆ ಕಾಯಿ ಕಚ್ಚುತ್ತದೆ.

ಇದರಲ್ಲಿ ಮೂರು ಪಾಠಗಳಿವೆ. ಹೂ ಬಿಡುವ ಮೊದಲು ಗಿಡಕ್ಕೆ ವಿಶ್ರಾಂತಿ ಬೇಕು. ವಿಶ್ರಾಂತಿಯ ಕಾಲದಲ್ಲಿ ನೀರು ಕಡಿಮೆಯಾಗಬೇಕು. ವಿಶ್ರಾಂತಿ ಮುಗಿದಾಗ ನೀರು ಒಮ್ಮೆಲೇ, ಸಾಕಷ್ಟು, ಬುಡದವರೆಗೆ ಇಳಿಯುವಂತೆ ಸಿಗಬೇಕು. ಡಿಸೆಂಬರ್ ತಿಂಗಳಿಡೀ ಹನಿಹನಿ ತುಂತುರು ಬಿದ್ದ ವರ್ಷ ಕಾಫಿಯ ಹೂ ಚದುರಿ ಹಾಳಾಗುವುದನ್ನು ಎಲ್ಲರೂ ನೋಡಿದ್ದೇವೆ. ಮನೆಯಂಗಳದಲ್ಲಿ ವರ್ಷವಿಡೀ ದಿನಕ್ಕೊಂದು ಚೊಂಬು ನೀರು ಕುಡಿಯುವ ಮಲ್ಲಿಗೆಯ ಪಾಡೂ ಅದೇ. ಅದಕ್ಕೆ ಎಂದೂ ಬಿಡುವಿಲ್ಲ, ಹಾಗಾಗಿ ಹೂವಿನ ಸುಗ್ಗಿಯೂ ಇಲ್ಲ.

ಅಡಿಕೆ ಮತ್ತೊಂದು ಪಾಠ ಕಲಿಸುತ್ತದೆ. ಅಡಿಕೆಯಲ್ಲಿ ಎಲೆಗೊಂದು ಸಿಂಗಾರ; ಸೋಗೆ ಬಿದ್ದು ಹಾಳೆ ಕಳಚಿದಾಗ ಅದು ಹೊರಬರುತ್ತದೆ. ಮರ ವರ್ಷಕ್ಕೆ ಎಷ್ಟು ಎಲೆ ಬಿಡುತ್ತದೋ ಅದಕ್ಕಿಂತ ಹೆಚ್ಚು ಸಿಂಗಾರ ಬರಲು ಸಾಧ್ಯವೇ ಇಲ್ಲ. ಅಂದರೆ ಯಾವುದೇ ಗಿಡದಲ್ಲಿ ಹೂ ಹೆಚ್ಚಿಸಬೇಕೆಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಈ ಗಿಡದ ಹೂ ಎಲ್ಲಿ ಹುಟ್ಟುತ್ತದೆ?

ಮಲ್ಲಿಗೆಯ ಹೂ ಹುಟ್ಟುವ ಜಾಗ

ಕಾಫಿಯ ಹೂ ಕಳೆದ ಸಾಲಿನ ರೆಕ್ಕೆಗಳ ಗೆಣ್ಣುಗಳಲ್ಲಿ ಬರುತ್ತದೆ. ಆದ್ದರಿಂದ ಈ ವರ್ಷ ಸವರಿದ್ದರ ಫಲ ಮುಂದಿನ ವರ್ಷ. ಮಲ್ಲಿಗೆ ಹಾಗಲ್ಲ. ಅದರ ಮೊಗ್ಗು ಹೊಸ ಚಿಗುರಿನ ತುದಿಯಲ್ಲಿ, ಸಾಮಾನ್ಯವಾಗಿ ಮೂರರ ಗೊಂಚಲಾಗಿ ಬರುತ್ತದೆ. ಹಳೆಯ ಕಂದುಬಣ್ಣದ ಕಡ್ಡಿಯಲ್ಲಿ ಹೂ ಬಾರದು. ಇಂದು ಸವರಿದರೆ ಈ ಸಾಲಿನಲ್ಲೇ ಫಲ ಸಿಗುತ್ತದೆ.

ಆದ್ದರಿಂದ ಮಲ್ಲಿಗೆಯಲ್ಲಿ ಹೂವಿನ ಲೆಕ್ಕವೆಂದರೆ ಚಿಗುರುತುದಿಗಳ ಲೆಕ್ಕ. ಆರಡಿ ಎತ್ತರಕ್ಕೆ ಬಳ್ಳಿಯಂತೆ ಹಬ್ಬಿದ ಗಿಡದಲ್ಲಿ ತುದಿ ಇಪ್ಪತ್ತಿದ್ದರೆ, ಮೂರಡಿಯ ಪೊದೆಯಂತೆ ಕುಳಿತ ಗಿಡದಲ್ಲಿ ಇನ್ನೂರು ಇರಬಹುದು. ಎತ್ತರ ನೋಡಿ ಸಂತೋಷಪಟ್ಟು ಪ್ರಯೋಜನವಿಲ್ಲ.

ಚಿಗುರಿನ ತುದಿ ಇರುವಷ್ಟು ಕಾಲ ಅದು ತನ್ನ ಕೆಳಗಿನ ಕಣ್ಣುಗಳನ್ನು ಮಲಗಿಸಿರುತ್ತದೆ. ತುದಿಯಲ್ಲಿ ಉತ್ಪತ್ತಿಯಾಗಿ ಕೆಳಕ್ಕೆ ಇಳಿಯುವ ಒಂದು ಚೋದಕ ವಸ್ತು ಈ ಕೆಲಸ ಮಾಡುತ್ತದೆ. ತುದಿ ತೆಗೆದರೆ ಕೆಳಗಿನ ಎರಡು-ಮೂರು ಕಣ್ಣುಗಳು ಎಚ್ಚರಗೊಂಡು ಕವಲೊಡೆಯುತ್ತವೆ. ಅರೇಬಿಕ ಗಿಡದ ತಲೆಯನ್ನು ಎರಡೂವರೆ ಅಡಿಗೆ ಕತ್ತರಿಸಿ ರೆಕ್ಕೆ ಹಬ್ಬಿಸುವಾಗ ನಾವು ಬಳಸುವುದು ಇದೇ ಗುಣವನ್ನು.

ಉಡುಪಿಯ ಉದಾಹರಣೆ

ಕೈತೋಟದ ಹೂವನ್ನು ಕುಟುಂಬದ ಆದಾಯವಾಗಿ ಮಾಡಿಕೊಂಡ ಒಳ್ಳೆಯ ನಿದರ್ಶನ ನಮ್ಮ ರಾಜ್ಯದಲ್ಲೇ ಇದೆ. ಉಡುಪಿ ಸಮೀಪದ ಶಂಕರಪುರ ಮತ್ತು ಸುತ್ತಲಿನ ಊರುಗಳಲ್ಲಿ ಕೆಲವೇ ಸೆಂಟ್ಸು ಜಾಗದಲ್ಲಿ ಬೆಳೆಯುವ ಮಲ್ಲಿಗೆ ಮುಂಬಯಿಯವರೆಗೂ ಹೋಗುತ್ತದೆ. ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಉಡುಪಿಯಲ್ಲಿ ಹೂವನ್ನು ತೂಗುವುದಿಲ್ಲ, ಎಣಿಸುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3200 ಹೂ. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕೊಡುವ ಕೆಲಸ ಬಹುಪಾಲು ಮನೆಯ ಹೆಂಗಸರದು.

ಇಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. ದಿನಕ್ಕೆ ಒಂದು ಚೆಂಡು, ಅಂದರೆ 800 ಮೊಗ್ಗು ಬೇಕೆಂದು ಇಟ್ಟುಕೊಳ್ಳಿ. ತುದಿಗೆ ಮೂರು ಮೊಗ್ಗಿನಂತೆ ದಿನಕ್ಕೆ ಸುಮಾರು 267 ತುದಿಗಳು ಹೂ ಬಿಡಬೇಕು. ಒಂದು ತುದಿ ಹೂ ಕೊಟ್ಟು, ಮತ್ತೆ ಚಿಗುರಿ, ಹೂವಿಗೆ ಬರಲು ಸುಮಾರು ತಿಂಗಳು ಹಿಡಿಯುತ್ತದೆಂದರೆ ತೋಟದಲ್ಲಿ 8000 ತುದಿಗಳಿರಬೇಕು. ಗಿಡಕ್ಕೆ 200 ತುದಿಯಾದರೆ 40 ಗಿಡ ಬೇಕು. ಆರಡಿಗೊಂದರಂತೆ ನೆಟ್ಟರೆ ಅದಕ್ಕೆ ಮೂರು ಸೆಂಟ್ಸಿಗಿಂತ ತುಸು ಹೆಚ್ಚು ಜಾಗ. ಚೆನ್ನಾಗಿ ಸವರಿ ಗಿಡಕ್ಕೆ 300 ತುದಿ ಬರಿಸಿದರೆ 27 ಗಿಡ ಸಾಕು. ಇದು ವಿಷಯ ತಿಳಿಯಲು ಮಾಡಿದ ಲೆಕ್ಕ, ನಿಮ್ಮ ತೋಟದ ಅಂಕಿ ನೀವೇ ಎಣಿಸಿಕೊಳ್ಳಬೇಕು. ಆದರೆ ಹೂ ಹೆಚ್ಚಿಸಲು ಗಿಡದ ಸಂಖ್ಯೆ ಹೆಚ್ಚಿಸುವುದೊಂದೇ ದಾರಿಯಲ್ಲ ಎಂಬುದು ಇದರಿಂದ ಸ್ಪಷ್ಟ.

ಸಣ್ಣ ಹಿಡುವಳಿಯವರಿಗೆ ಇದು ಸಣ್ಣ ಮಾತಲ್ಲ. ಕಾಫಿಯ ಹಣ ವರ್ಷಕ್ಕೊಮ್ಮೆ, ಅಡಿಕೆಯದು ಕೊಯ್ಲಿನ ಲೆಕ್ಕದಲ್ಲಿ. ನಡುವಿನ ತಿಂಗಳುಗಳಲ್ಲಿ ಹಾಲು ಮತ್ತು ಹೂವಿನಿಂದ ಬರುವ ದಿನದ ದುಡ್ಡೇ ಮನೆಯ ದಿನಸಿಗೆ ಆಧಾರ.

ಮೊದಲು ಬಿಸಿಲು

ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇಬೇಕು. ನೆರಳಿಗೆ ಹೊಂದಿಕೊಂಡ ಕಾಫಿಯ ಜೊತೆ ಬದುಕಿದ ನಮಗೆ ಈ ವಿಷಯದಲ್ಲಿ ಅಂದಾಜು ತಪ್ಪುತ್ತದೆ. ಅಡಿಕೆ ತೋಟದ ಅಂಚಿನಲ್ಲೋ, ಹಲಸಿನ ಮರದಡಿಯಲ್ಲೋ ನೆಟ್ಟ ಮಲ್ಲಿಗೆ ಬೆಳಕನ್ನು ಹುಡುಕಿ ಉದ್ದುದ್ದ ಚಾಚುತ್ತದೆ, ಎಲೆ ಅಗಲವಾಗುತ್ತದೆ, ಹೂ ಬಾರದು. ಇದಕ್ಕೆ ಗೊಬ್ಬರದಲ್ಲಿ ಪರಿಹಾರವಿಲ್ಲ. ಮೇಲಿನ ಕೊಂಬೆ ಮರಗಸಿ ಮಾಡಿಸಬೇಕು, ಇಲ್ಲವೇ ಗಿಡವನ್ನು ಬಿಸಿಲಿಗೆ ಸಾಗಿಸಬೇಕು. ಅಂಗಳದಲ್ಲಿ ಯಾವ ಜಾಗಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆಂದು ಒಂದು ದಿನ ಕುಳಿತು ಗುರುತಿಸಿ, ಆಮೇಲೆ ಗುಂಡಿ ತೆಗೆಯಿರಿ.

ಸವರುವ ಕ್ರಮ

ಸವರಲು ಸರಿಯಾದ ಕಾಲ ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ ಮೊದಲ ಪಕ್ಷ. ಹಿಂಗಾರು ಮುಗಿದಿರಬೇಕು. ಕ್ರಮ ಹೀಗೆ:

1. ಸವರುವುದಕ್ಕೆ ಹತ್ತು-ಹದಿನೈದು ದಿನ ಮೊದಲು ನೀರು ನಿಲ್ಲಿಸಿ. ಎಲೆ ಸ್ವಲ್ಪ ಬಾಡಿ ಉದುರಲು ಆರಂಭಿಸಿದರೆ ಗಾಬರಿ ಬೇಡ. ಇದೇ ಗಿಡದ ವಿಶ್ರಾಂತಿ.

2. ಒಣಗಿದ, ರೋಗ ತಗುಲಿದ, ಒಳಮುಖವಾಗಿ ಬೆಳೆದ ಕಡ್ಡಿಗಳನ್ನು ಬುಡದಿಂದ ತೆಗೆಯಿರಿ. ನಡುಭಾಗಕ್ಕೆ ಗಾಳಿ ಬೆಳಕು ಹೋಗಬೇಕು.

3. ಉಳಿದ ಕೊಂಬೆಗಳನ್ನು ನೆಲದಿಂದ ಸುಮಾರು ಒಂದೂವರೆ ಅಡಿಗೆ, ಅಂದರೆ 50 ಸೆಂಟಿಮೀಟರಿಗೆ ಸಮನಾಗಿ ಕತ್ತರಿಸಿ. ಹರಿತವಾದ ಕತ್ತರಿಯಿರಲಿ. ಕತ್ತಿಯಿಂದ ಕೊಚ್ಚಿದರೆ ಕಡ್ಡಿ ಸೀಳುತ್ತದೆ.

4. ದಪ್ಪ ಕಡ್ಡಿಯ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ತೋಟದ ಔಷಧಿಗೆ ತಂದ ಮೈಲುತುತ್ತ, ಸುಣ್ಣ ಮನೆಯಲ್ಲಿರುತ್ತದೆ.

5. ಬುಡ ಬಿಡಿಸಿ, ಒಂದು ವಾರ ಬಿಸಿಲು ಕಾಣಿಸಿ, ಗೊಬ್ಬರ ಕೊಟ್ಟು ಮುಚ್ಚಿ, ನಂತರ ಒಮ್ಮೆಲೇ ಧಾರಾಳ ನೀರು ಹಾಯಿಸಿ. ಇದೇ ನಿಮ್ಮ ಹೂಮಳೆ.

ಇಷ್ಟಾದರೆ ಮಾರ್ಚ್ ಸುಮಾರಿಗೆ ಹೂ ಆರಂಭವಾಗುತ್ತದೆ. ಆಮೇಲೆ ಹೂ ಮುಗಿದ ತುದಿಯನ್ನು ಕೆಳಗಿನ ಒಂದು ಜೊತೆ ಎಲೆ ಸಮೇತ ಚಿವುಟುತ್ತಾ ಬನ್ನಿ. ಬೆರಳಲ್ಲೇ ಆಗುವ ಕೆಲಸ. ಕಂಬಚಿಗುರು ತೆಗೆಯುವ ಅಭ್ಯಾಸವಿರುವ ಕೈಗಳಿಗೆ ಇದು ಆಟ. ಚಿವುಟಿದ ಕಡೆ ಎರಡು ಚಿಗುರು ಬಂದರೆ ಮುಂದಿನ ಸುತ್ತಿಗೆ ಅಷ್ಟು ಹೂ ಹೆಚ್ಚು. ಒಂದು ವರ್ಷದೊಳಗಿನ ಎಳೆಯ ಗಿಡವನ್ನು ಮಾತ್ರ ಬುಡಕ್ಕೆ ಸವರಬೇಡಿ, ತುದಿ ಚಿವುಟಿ ಪೊದೆ ಮಾಡಿದರೆ ಸಾಕು.

ಗೊಬ್ಬರ: ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ

1918ರಲ್ಲಿ ಅಮೆರಿಕೆಯ ಕ್ರೌಸ್ ಮತ್ತು ಕ್ರೇಬಿಲ್ ಎಂಬ ವಿಜ್ಞಾನಿಗಳು ಟೊಮೆಟೊ ಗಿಡಗಳಲ್ಲಿ ಪರೀಕ್ಷೆ ಮಾಡಿ ಒಂದು ಅಂಶ ತೋರಿಸಿದರು. ಸಾರಜನಕ ವಿಪರೀತ ಸಿಕ್ಕ ಗಿಡ ಎಲೆಯಾಗಿಯೇ ಬೆಳೆಯುತ್ತದೆ, ಫಲ ಬಿಡುವುದಿಲ್ಲ. ಸಾರಜನಕ ತೀರಾ ಕಡಿಮೆಯಾದ ಗಿಡವೂ ಬಡಕಲಾಗಿ ಫಲ ಬಿಡುವುದಿಲ್ಲ. ಎಲೆ ತಯಾರಿಸುವ ಸಕ್ಕರೆ ಮತ್ತು ಬೇರು ಹೀರುವ ಸಾರಜನಕ ಇವೆರಡೂ ಹದವಾಗಿರುವಾಗ ಮಾತ್ರ ಗಿಡ ಫಲವತ್ತಾಗುತ್ತದೆ. ಹೂವಿನ ಕಾರಣ ಇದಕ್ಕಿಂತ ಜಟಿಲವೆಂದು ನಂತರದ ಸಂಶೋಧನೆಗಳು ತಿಳಿಸಿವೆ. ಆದರೂ ಬೆಳೆಗಾರನ ಕೈಗೆ ಇದು ಇಂದಿಗೂ ಒದಗುವ ಮಾತು.

ನೆಲದಲ್ಲಿ ನೆಟ್ಟು ಚೆನ್ನಾಗಿ ಬೇರೂರಿದ ಗಿಡಕ್ಕೆ ವರ್ಷಕ್ಕೆ 10 ಕಿಲೋ ಹಟ್ಟಿಗೊಬ್ಬರದ ಜೊತೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್ ಕೊಡುವುದು ರೂಢಿಯ ಶಿಫಾರಸು. ಇದನ್ನು ಸವರಿದ ನಂತರ ಒಮ್ಮೆ, ಜೂನ್-ಜುಲೈಯಲ್ಲಿ ಇನ್ನೊಮ್ಮೆ, ಎರಡು ಕಂತಾಗಿ ಕೊಡಬೇಕು. ಅಂಗಡಿಯ ಗೊಬ್ಬರದ ಲೆಕ್ಕದಲ್ಲಿ ಒಂದು ಕಂತಿಗೆ ಯೂರಿಯಾ 65 ಗ್ರಾಂ, ಸೂಪರ್ ಫಾಸ್ಫೇಟ್ 375 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 100 ಗ್ರಾಂ ಆಗುತ್ತದೆ. ಗಮನಿಸಿ: ರಂಜಕ, ಪೊಟ್ಯಾಷ್ ಸಾರಜನಕದ ಎರಡರಷ್ಟಿದೆ. ನಾವು ಮಾಡುವುದು ಸಾಧಾರಣ ಇದರ ಉಲ್ಟಾ. ತೋಟಕ್ಕೆ ತಂದ ಯೂರಿಯಾ ಚೀಲದಲ್ಲಿ ಉಳಿದದ್ದು ಮಲ್ಲಿಗೆ ಬುಡಕ್ಕೆ ಹೋಗುತ್ತದೆ. ಗಿಡ ಹುಲುಸಾಗಿ ಹೂವಿಲ್ಲದಿರುವುದಕ್ಕೆ ನೆರಳನ್ನು ಬಿಟ್ಟರೆ ಇದೇ ಮುಖ್ಯ ಕಾರಣ. ಗೊಬ್ಬರವನ್ನು ಬುಡಕ್ಕೆ ತಾಗಿಸದೆ ಒಂದಡಿ ದೂರದಲ್ಲಿ ಸುತ್ತ ಕೊಡಬೇಕು, ಮಣ್ಣಿನಲ್ಲಿ ತೇವವಿರಬೇಕು.

ರಾಸಾಯನಿಕ ಬೇಡವೆನ್ನುವವರಿಗೆ ನಮ್ಮ ತೋಟದಲ್ಲೇ ದಾರಿಗಳಿವೆ. ಚೆನ್ನಾಗಿ ಕೊಳೆತ ಕಾಫಿ ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳ. ಅಡಿಕೆಯ ಸೋಗೆ, ಹಾಳೆಯಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಬೆಳೆಗಾರರಿಗೆ ತಿಳಿಸಿಕೊಟ್ಟಿದೆ. ಕರಾವಳಿಯ ಮಲ್ಲಿಗೆ ಕೃಷಿಕರು ನೆಲಗಡಲೆ ಹಿಂಡಿಯನ್ನು ಸೆಗಣಿ ನೀರಿನಲ್ಲಿ ಕೊಳೆಸಿ, ತಿಳಿಮಾಡಿ ಹೊಯ್ಯುತ್ತಾರೆ. ಒಂದು ಹಿಡಿ ಹಿಂಡಿಯನ್ನು ಐದು ಲೀಟರ್ ನೀರಿನಲ್ಲಿ ನಾಲ್ಕೈದು ದಿನ ಕೊಳೆಸಿ, ಮತ್ತೆ ನೀರು ಬೆರೆಸಿ ತಿಳಿಚಹಾದ ಬಣ್ಣ ಬಂದಮೇಲೆ ಗಿಡಕ್ಕೆ ಒಂದೆರಡು ಲೀಟರ್ ಕೊಡಿ. ಹದಿನೈದು ದಿನಕ್ಕೊಮ್ಮೆ ಸಾಕು.

ಮಲೆನಾಡು, ಕರಾವಳಿಯ ಮಣ್ಣು ಹುಳಿ. ಮಣ್ಣು ಪರೀಕ್ಷೆಯ ವರದಿಯಂತೆ ಕಾಫಿಗೆ ಸುಣ್ಣ ಹಾಕುವಾಗ ಮಲ್ಲಿಗೆಯನ್ನು ಮರೆಯಬೇಡಿ. ಒಲೆಬೂದಿಯೂ ಅಲ್ಲಿ ಒಳ್ಳೆಯದು. ಉಲ್ಲಾಳದಲ್ಲಿ ಪರಿಸ್ಥಿತಿ ತಿರುಗುಮುರುಗು. ಅದನ್ನು ಮುಂದೆ ಹೇಳಿದೆ.

ಉಲ್ಲಾಳದ ತಾರಸಿಗೆ ಕೆಲವು ಸೂಚನೆ

ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆಗೆ ಮನೆ ತಾಗಿರುವಾಗ ನೆಲಮಟ್ಟದಲ್ಲಿ ಬಿಸಿಲಿಲ್ಲ. ಮಲ್ಲಿಗೆಗೆ ಜಾಗ ತಾರಸಿಯೇ. ಅಲ್ಲಿ ಬರುವ ತೊಂದರೆಗಳು ಊರಿನವುಗಳಲ್ಲ.

ಕುಂಡ: ಕನಿಷ್ಠ ಒಂದಡಿ ಅಗಲ, ಒಂದಡಿ ಆಳ ಇರಲಿ. ತಳದ ತೂತು ಮುಚ್ಚಿರಬಾರದು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಳೆತ ಗೊಬ್ಬರ, ಒಂದು ಪಾಲು ಮರಳು ಅಥವಾ ತೆಂಗಿನ ನಾರಿನ ಪುಡಿ ಸೇರಿಸಿ. ಎರಡು ವರ್ಷಕ್ಕೊಮ್ಮೆ ಸವರುವ ಕಾಲದಲ್ಲಿ ಗಿಡ ಎತ್ತಿ, ಸುತ್ತಿಕೊಂಡ ಬೇರಿನ ಹೊರಪದರ ಕತ್ತರಿಸಿ, ಹೊಸ ಮಣ್ಣು ತುಂಬಿ. ನೆನೆದ ಕುಂಡ ಬಹಳ ಭಾರ, ಆದ್ದರಿಂದ ತಾರಸಿಯ ನಡುವೆ ಗುಂಪು ಹಾಕದೆ ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿನಲ್ಲಿಡಿ. ನೆಲದ ಗಿಡಕ್ಕೆ ಹೇಳಿದ ರಾಸಾಯನಿಕ ಗೊಬ್ಬರದ ಪ್ರಮಾಣವನ್ನು ಕುಂಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಎರಡು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಮತ್ತು ಮೇಲೆ ಹೇಳಿದ ಹಿಂಡಿ ನೀರು ಸಾಕು.

ನೀರು: ಕೊಳವೆಬಾವಿಯ ಗಡಸುನೀರು ಹೊಯ್ದೂ ಹೊಯ್ದೂ ಕುಂಡದ ಮಣ್ಣಿಗೆ ಸುಣ್ಣದಂಶ ಏರುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗದು. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದು ಇದರ ಗುರುತು. ಇಂಥ ಗಿಡಕ್ಕೆ ಬೂದಿ ಹಾಕಲೇಬಾರದು. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ನಾಲ್ಕು ಹನಿ ನಿಂಬೆರಸ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ನೀರು ಶುದ್ಧೀಕರಣ ಯಂತ್ರ ಹೊರಬಿಡುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಹೊಯ್ಯುವವರಿದ್ದಾರೆ. ಅದರಲ್ಲಿ ಲವಣ ಮತ್ತಷ್ಟು ಗಟ್ಟಿಯಾಗಿರುತ್ತದೆ. ಅದನ್ನು ನೆಲ ಒರೆಸಲು ಬಳಸಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಗಿಡಕ್ಕೆ ಒಳ್ಳೆಯದು.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸದಂತೆ ನಿಷೇಧಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡ ಘೋಷಿಸಿದ್ದು ನೆನಪಿರಬಹುದು. ಮಲ್ಲಿಗೆ ಹೂ ಬಿಡುವ ಕಾಲವೂ ಅದೇ ಬೇಸಿಗೆ. ಆದ್ದರಿಂದ ಮಳೆನೀರು ಹಿಡಿದಿಡುವುದು ಹೂವಿಗೂ ಬೇಕಾದ ಕೆಲಸ. ಸಾವಿರ ಚದರಡಿ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2300 ಲೀಟರ್ ನೀರಾಗುತ್ತದೆ. ಹತ್ತು ಕುಂಡಗಳಿಗೆ ದಿನಕ್ಕೆ ತಲಾ ಎರಡು ಲೀಟರಿನಂತೆ ನೂರು ದಿನಕ್ಕೂ ಹೆಚ್ಚು ಸಾಕು. ಈ ನೀರಿನಲ್ಲಿ ಗಡಸು ಇಲ್ಲ. ಕುಂಡದ ಮೇಲ್ಮಣ್ಣಿಗೆ ಅಡಿಕೆ ಸಿಪ್ಪೆ ಅಥವಾ ತರಗೆಲೆ ಹೊದಿಸಿದರೆ ನೀರು ಇನ್ನೂ ಉಳಿಯುತ್ತದೆ. ಊರಿಂದ ಬರುವಾಗ ಒಂದು ಚೀಲ ಸಿಪ್ಪೆ ತಂದರೆ ವರ್ಷಕ್ಕಾಯಿತು.

ದಿನಾ ಸ್ವಲ್ಪಸ್ವಲ್ಪ ನೀರು ಹೊಯ್ಯುವ ಬದಲು ಬೆರಳನ್ನು ಎರಡು ಗಿಣ್ಣು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ಹೊಯ್ಯಿರಿ. ತೇವವಿದ್ದರೆ ಬಿಟ್ಟುಬಿಡಿ. ಮೊಗ್ಗು ಮೂಡಿದ ಮೇಲೆ ಮಾತ್ರ ಒಣಗಲು ಬಿಡಬಾರದು, ಮೊಗ್ಗು ಉದುರುತ್ತದೆ.

ಹೂ ಮುಡಿಯುವ ತಲೆ, ವಿಷ ಹೊಡೆಯುವ ಕೈ

ಮೊಗ್ಗು ನೇರಳೆಬಣ್ಣಕ್ಕೆ ತಿರುಗಿ, ಅದರಲ್ಲಿ ಸಣ್ಣ ತೂತು ಕಂಡರೆ ಅದು ಮೊಗ್ಗುಕೊರಕ ಹುಳು. ಮೊಗ್ಗಿನ ಬುಡ ಊದಿಕೊಂಡು ಅರಳದೆ ಉದುರಿದರೆ ಅದು ಮೊಗ್ಗಿನ ನೊಣದ ಕಾಟ. ಎಲೆಯ ಮೇಲೆ ಬಿಳಿಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ನುಸಿ. ಕಾದ ತಾರಸಿಯಲ್ಲಿ ನುಸಿಯ ಕಾಟ ಹೆಚ್ಚು.

ಹಾಳಾದ ಮೊಗ್ಗನ್ನು ದಿನವೂ ಆರಿಸಿ ಸುಡುವುದು ಮೊದಲ ಔಷಧಿ. ನೊಣದ ಮರಿ ಮಣ್ಣಿಗೆ ಇಳಿದು ಕೋಶವಾಗುತ್ತದೆ, ಹಾಗಾಗಿ ಬುಡ ಕೆದಕಿ ಬೇವಿನ ಹಿಂಡಿ ಸೇರಿಸಬೇಕು. ಹುಳುವಿಗೆ ಶೇಕಡ 5ರ ಬೇವಿನ ಬೀಜದ ಕಷಾಯ, ನುಸಿಗೆ ಎಲೆಯ ಅಡಿಗೆ ರಭಸವಾಗಿ ನೀರು ಹಾಯಿಸುವುದು, ಮೀರಿದರೆ ಲೀಟರಿಗೆ 2 ಗ್ರಾಂ ನೀರಿನಲ್ಲಿ ಕದಡುವ ಗಂಧಕ. ಕಾಫಿಗೆ, ಮೆಣಸಿಗೆ ತಂದಿಟ್ಟ ಬಲವಾದ ಕೀಟನಾಶಕವನ್ನು ಕೈಗೆ ಸಿಕ್ಕಿತೆಂದು ಮಲ್ಲಿಗೆಗೆ ಹೊಡೆಯುವುದು ಸರ್ವಥಾ ಸಲ್ಲದು. ಇಂದು ಕೊಯ್ದ ಮೊಗ್ಗನ್ನು ಹಲ್ಲಿನಿಂದ ನಾರು ಕಚ್ಚಿಕೊಂಡು ಕಟ್ಟುವವರು ನಮ್ಮ ಮನೆಯ ಹೆಂಗಸರೇ. ಸಂಜೆ ಮುಡಿಯುವವರು ನಮ್ಮ ಮಕ್ಕಳೇ. ಕಾಫಿ ಹೂವಿಗೆ ಬಂದ ಜೇನು ಅಂಗಳಕ್ಕೂ ಬರುತ್ತದೆಂಬುದು ನೆನಪಿರಲಿ.

ಇತರ ಗಿಡಗಳಿಗೆ ಅದೇ ಪ್ರಶ್ನೆ

ದಾಸವಾಳ: ಹೂ ಹೊಸ ಚಿಗುರಿನ ಎಲೆಕಂಕುಳಲ್ಲಿ. ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಸವರಿ. ಬಿಳಿ ಹಿಟ್ಟುತಿಗಣೆ ಕಂಡ ತುದಿಯನ್ನು ಕತ್ತರಿಸಿ ಸುಡಿ.

ಗುಲಾಬಿ: ಇದೂ ಹೊಸ ಚಿಗುರಿನ ತುದಿಯಲ್ಲಿ. ಮಳೆ ನಿಂತ ಅಕ್ಟೋಬರಿನಲ್ಲಿ ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿದರೆ ಸುಮಾರು ಆರೇಳು ವಾರಕ್ಕೆ ಹೂ. ಬಾಡಿದ ಹೂವನ್ನು ಗಿಡದಲ್ಲೇ ಬಿಟ್ಟರೆ ಶಕ್ತಿ ಕಾಯಿಗೆ ಹೋಗುತ್ತದೆ.

ಡೇರೆ: ಶಿರಸಿ, ಸಾಗರ, ಸಿದ್ದಾಪುರ ಕಡೆಯ ಅಂಗಳಗಳಿಗೆ ಮಳೆಗಾಲದಲ್ಲಿ ಶೋಭೆ ತರುವ ಈ ಗಿಡದಲ್ಲಿ ಎರಡು ದಾರಿಯಿವೆ. ಸಂಖ್ಯೆ ಬೇಕಾದರೆ ಗಿಡ ಒಂದಡಿಯಾದಾಗ ತುದಿ ಚಿವುಟಿ. ದೊಡ್ಡ ಹೂವೇ ಬೇಕಾದರೆ ನಡುವಿನ ಮೊಗ್ಗೊಂದನ್ನು ಉಳಿಸಿ ಪಕ್ಕದ ಮೊಗ್ಗುಗಳನ್ನು ತೆಗೆಯಿರಿ. ಎರಡೂ ಒಟ್ಟಿಗೆ ಸಿಗದು. ಏರುಮಡಿಯಲ್ಲಿ ನೆಟ್ಟು ಊರುಗೋಲು ಕೊಡಿ, ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ.

ಸೇವಂತಿಗೆ: ಇದು ಇರುಳಿನ ಗಿಡ. ಹಗಲಿನ ಉದ್ದಕ್ಕೂ ಹೂವಿಗೂ ನಂಟಿದೆಯೆಂದು 1920ರಲ್ಲಿ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಸೇವಂತಿಗೆಗೆ ಅಡ್ಡಿಯಿಲ್ಲದ ದೀರ್ಘ ಕತ್ತಲೆ ಸಿಕ್ಕರೆ ಹೂ, ಇಲ್ಲದಿದ್ದರೆ ಬರೀ ಎಲೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಕಡೆ ರಾತ್ರಿ ಹೊತ್ತು ಹೊಲದ ತುಂಬ ವಿದ್ಯುತ್ ದೀಪ ಉರಿಯುವುದನ್ನು ಪ್ರಯಾಣಿಕರು ಬೆರಗಿನಿಂದ ನೋಡುತ್ತಾರೆ. ಗಿಡ ಸಾಕಷ್ಟು ಬೆಳೆಯುವವರೆಗೆ ಹೂ ಬಾರದಂತೆ ತಡೆಯಲು ರೈತರು ಮಾಡುವ ಉಪಾಯವದು. ಬೇಕಾದಾಗ ದೀಪ ಆರಿಸಿದರೆ ಗಿಡ ಹೂವಿಗೆ ತಿರುಗುತ್ತದೆ. ಉಲ್ಲಾಳದ ಬೀದಿದೀಪದಡಿಯ ಸೇವಂತಿಗೆ ಕುಂಡಕ್ಕೆ ಹೂ ಬಾರದಿದ್ದರೆ ಕಾರಣ ಬೇರೆ ಹುಡುಕಬೇಕಿಲ್ಲ, ಕುಂಡವನ್ನು ಕತ್ತಲೆಯ ಮೂಲೆಗೆ ಸರಿಸಿದರಾಯಿತು.

ವರ್ಷದ ಕೆಲಸ, ಸಂಕ್ಷೇಪವಾಗಿ

ನವೆಂಬರ್ ನಡುವೆ: ಮಲ್ಲಿಗೆಗೆ ನೀರು ನಿಲ್ಲಿಸುವುದು.
ನವೆಂಬರ್ ಕೊನೆ - ಡಿಸೆಂಬರ್: ಸವರುವುದು, ಬುಡ ಬಿಡಿಸುವುದು, ಮೊದಲ ಕಂತು ಗೊಬ್ಬರ, ಧಾರಾಳ ನೀರು.
ಜನವರಿ - ಫೆಬ್ರವರಿ: ಚಿಗುರು ಚಿವುಟಿ ಕವಲೊಡೆಸುವುದು, ಹಿಂಡಿ ನೀರು.
ಮಾರ್ಚ್ - ಮೇ: ಹೂ ಕೊಯ್ಲು, ಮುಗಿದ ತುದಿ ಚಿವುಟುವುದು, ನೀರು ತಪ್ಪಿಸದಿರುವುದು, ಮೊಗ್ಗಿನ ಹುಳುವಿನ ಮೇಲೆ ಕಣ್ಣು.
ಜೂನ್ - ಜುಲೈ: ಎರಡನೇ ಕಂತು. ಮಲೆನಾಡು, ಕರಾವಳಿಯಲ್ಲಿ ಮಳೆ ಬಿಡುವು ಕೊಟ್ಟಾಗ ಮಾತ್ರ.
ಆಗಸ್ಟ್ - ಅಕ್ಟೋಬರ್: ಬುಡದಲ್ಲಿ ನೀರು ನಿಲ್ಲದಂತೆ ನೋಡುವುದು, ಗೆಲ್ಲು ಊರಿ ಹೊಸ ಗಿಡ ಮಾಡುವುದು.

ಹೂ ಬಾರದ ಗಿಡದ ಮುಂದೆ ನಿಂತಾಗ ಟಾನಿಕ್ಕಿನ ಅಂಗಡಿಗೆ ಹೊರಡುವ ಮೊದಲು ಈ ನಾಲ್ಕನ್ನು ಕ್ರಮವಾಗಿ ಕೇಳಿಕೊಳ್ಳಿ: ಬಿಸಿಲಿದೆಯೇ? ಹೊಸ ತುದಿಗಳಿವೆಯೇ? ಯೂರಿಯಾ ಹೆಚ್ಚಾಯಿತೇ? ವಿಶ್ರಾಂತಿ ಸಿಕ್ಕಿತೇ? ನಾಲ್ಕರಲ್ಲಿ ಒಂದಕ್ಕೆ ಉತ್ತರ ತಪ್ಪಿರುತ್ತದೆ, ಮತ್ತು ಅದನ್ನು ಸರಿಪಡಿಸಲು ಸಾಮಾನ್ಯವಾಗಿ ಒಂದು ಕತ್ತರಿ ಸಾಕಾಗುತ್ತದೆ. ಈ ನವೆಂಬರಿನಲ್ಲಿ ಅಂಗಳದ ಎಲ್ಲ ಗಿಡ ಬೇಡ, ಎರಡನ್ನು ಮಾತ್ರ ಹೇಳಿದಂತೆ ಸವರಿ, ಎರಡನ್ನು ಹಾಗೆಯೇ ಬಿಡಿ. ಏಪ್ರಿಲಿನಲ್ಲಿ ಒಂದು ವಾರ ಎರಡರ ಮೊಗ್ಗನ್ನೂ ಬೇರೆಬೇರೆ ಬುಟ್ಟಿಯಲ್ಲಿ ಕೊಯ್ದು ಎಣಿಸಿ. ಮುಂದಿನ ವರ್ಷ ಏನು ಮಾಡಬೇಕೆಂದು ಆ ಬುಟ್ಟಿಗಳೇ ಹೇಳುತ್ತವೆ.